ಹನ್ನೊಂದು ಮಣಿಯ ಹಾರ

ದೊಡ್ಡ ಸಂಖ್ಯೆ ಅಂದಕೂಡಲೇ ನಮ್ಮವರು ಕೇಳುವುದು ಒಂದೇ: ಎಷ್ಟು ಸೊನ್ನೆ? ಸೊನ್ನೆ ಎಣಿಸುವವನು ರಸಿಕನಲ್ಲ. ಸವದತ್ತಿ ಗುಡ್ಡಕ್ಕೆ ಹೋಗಿ, ಜನ ಎಷ್ಟಿತ್ತು ಅಂತ ಹೇಳಿ, ಯಲ್ಲಮ್ಮನ ಮುಖ ನೋಡದೆ ಇಳಿದು ಬಂದವನು ಅವನು.

1980ರ ಜೂನ್ 18ರಂದು ಲಂಡನ್ನಿನಲ್ಲಿ ನಮ್ಮ ಬೆಂಗಳೂರಿನ ಶಕುಂತಲಾ ದೇವಿ 7686369774870 ಅನ್ನು 2465099745779ರಿಂದ ಮನಸ್ಸಿನಲ್ಲೇ ಗುಣಿಸಿದರು. 28 ಸೆಕೆಂಡು ಹಿಡಿಯಿತು ಅನ್ನುವುದು ಎಲ್ಲರಿಗೂ ಬಾಯಿಪಾಠ. ಉತ್ತರವನ್ನು ಯಾರು ನೋಡಿದ್ದಾರೆ? 18947668177995426462773730. ಇದರ ಅಂಕಿಗಳನ್ನು ಕೂಡಿಸುತ್ತ ಹೋಗಿ: 138, ಆಮೇಲೆ 12, ಕೊನೆಗೆ 3. ಗುಣಿಸಿದ ಎರಡು ಸಂಖ್ಯೆಗಳನ್ನೂ ಹೀಗೇ ಕೂಡಿಸಿದರೆ ಒಂದರಲ್ಲಿ 6, ಇನ್ನೊಂದರಲ್ಲಿ 2. ಆರೆರಡ್ಲ ಹನ್ನೆರಡು, ಅದೂ 3. ಇಪ್ಪತ್ತಾರು ಅಂಕಿಯ ಸಂಖ್ಯೆ ನಿಮ್ಮ ಅಂಗೈಗೆ ಬಂತು. ಚಪ್ಪಾಳೆ ಇಲ್ಲಿ ಬೀಳಬೇಕು.

ನನಗೆ ಕಣ್ಣು ತೆರೆದದ್ದು ಬೈಲಹೊಂಗಲದ ಒಂದು ಅಡತಿ ಅಂಗಡಿಯಲ್ಲಿ. ಹತ್ತಿ ಸುಗ್ಗಿ. ತೂಕ ಮುಗಿಯುವವರೆಗೆ ದಿವಾನಜಿ ಕಾಕಾ ನನ್ನ ಕೈಗೆ ಒಂದು ಹಳೆ ಚೀಟಿ ಕೊಟ್ಟು, 111111ನ್ನು ಅದರಿಂದಲೇ ಗುಣಿಸು ಅಂದರು. ಆರು ಸಾಲು ಬರೆದೆ. ಒಂದೊಂದು ಸಾಲೂ ಒಂದೊಂದು ಮನೆ ಎಡಕ್ಕೆ ಸರಿದು ಮೆಟ್ಟಿಲಾಯಿತು. ಕೂಡಿಸಿದೆ: 12345654321.

“ತಮ್ಮಾ, ಕೈಯಾಗ ಏನರ ಉಳೀತೇನು?”

“ಇಲ್ಲರೀ ಕಾಕಾ.”

“ಅದಕ್ಕ ಹಾರ ಆತು.”

ಆ ಮಾತಿನಲ್ಲೇ ಎಲ್ಲ ಇದೆ. ನಟ್ಟನಡುವಿನ ಮನೆಯಲ್ಲಿ ಆರು ಒಂದುಗಳು ನಿಲ್ಲುತ್ತವೆ, ಅದಕ್ಕಿಂತ ಹೆಚ್ಚಿಲ್ಲ. ಯಾವ ಮನೆಯೂ ತುಂಬಿ ಪಕ್ಕದ ಮನೆಗೆ ಚೆಲ್ಲುವುದಿಲ್ಲ. ಹಾಗಾಗಿ ಏರಿದಂತೆಯೇ ಇಳಿಯುತ್ತದೆ.

ಇದೇ ಹಾರವನ್ನು ಸುಮಾರು 850ರ ಹೊತ್ತಿಗೆ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದ ‘ಗಣಿತಸಾರಸಂಗ್ರಹ’ದಲ್ಲಿ ಪೋಣಿಸಿಟ್ಟರು. ಅದೇ ಅರಸನ ಆಸ್ಥಾನದ ‘ಕವಿರಾಜಮಾರ್ಗ’ ತಿರುಳ್ಗನ್ನಡದ ಗಡಿಗಲ್ಲಾಗಿ ಹೇಳುವ ಒಕ್ಕುಂದ ನಮ್ಮ ಬೈಲಹೊಂಗಲ ತಾಲೂಕಿನ ವಕ್ಕುಂದ. ಆಚಾರ್ಯರು ಒಂದುಗಳ ಸಾಲನ್ನು ಬಯಲಿಗಿಡಲಿಲ್ಲ. 27994681ನ್ನು 441ರಿಂದ ಗುಣಿಸು ಅಂದರು. 441 ಅಂದರೆ 21ರ ವರ್ಗ. 27994681 ಅಂದರೆ 5291ರ ವರ್ಗ. 21ನ್ನೂ 5291ನ್ನೂ ಗುಣಿಸಿ ನೋಡಿ, ಆರು ಒಂದುಗಳು ಎದ್ದು ನಿಲ್ಲುತ್ತವೆ. ಎರಡು ಒರಟು ಕಲ್ಲಿನೊಳಗೆ ಹಾರ ಬಚ್ಚಿಟ್ಟ ಈ ಕಸಬುದಾರಿಕೆಯ ಮುಂದೆ ಮೊಬೈಲಿನಲ್ಲಿ ಹರಿದಾಡುವ ‘ಜೀನಿಯಸ್ ಮಾತ್ರ ಬಿಡಿಸಬಲ್ಲ’ ಲೆಕ್ಕಗಳು ಬರೀ ಹೊಟ್ಟು.

ಅವರ ಇನ್ನೂ ಕೆಲವು ಹಾರಗಳಿವೆ. 142857143ನ್ನು 7ರಿಂದ ಗುಣಿಸಿದರೆ 1000000001. ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರನ್ನೂ ಕೊಟ್ಟಿದ್ದಾರೆ. ಹೆಸರು ಬಾಯಿಪಾಠ ಮಾಡಲು ಅವಸರ ಬೇಡ.

ಮೊದಲು ಕಾಗದ ತಗೊಂಡು ಹಾರವನ್ನು ಉದ್ದ ಮಾಡಿ. ಒಂಬತ್ತು ಒಂದುಗಳವರೆಗೆ ತಾಳುತ್ತದೆ: 12345678987654321. ಹತ್ತನೆಯದಕ್ಕೆ ಹರಿಯುತ್ತದೆ. ರಾಮದುರ್ಗದ ಕಡೆ ಒಂದು ಸಾಲಿಯಲ್ಲಿ ನಾನು ಇದನ್ನು ತೋರಿಸಿದಾಗ ವೇದಿಕೆಯ ಮೇಲಿನ ದೊಡ್ಡವರು ಹದಿನೇಳು ಅಂಕಿ ಕಂಡೊಡನೆ ಚಪ್ಪಾಳೆ ತಟ್ಟಿ, ಶಾಲು ಹೊದಿಸಿ ಎದ್ದುಹೋದರು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಹತ್ತನೆಯ ಒಂದು ಇನ್ನೂ ಬಾಕಿಯಿತ್ತು. ಮಕ್ಕಳಿಗೆ ಬರೆಸಿದೆ: 1234567900987654321.

ಕೊನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಸರ್, ಏರೂ ಮುಂದ ಎಂಟು ಎಲ್ಲಿ ಹೋತ್ರೀ?”

ನಾನು ಹೇಳಲಿಲ್ಲ. ಸೀಮೆಸುಣ್ಣ ಅವಳ ಕೈಗೇ ಕೊಟ್ಟೆ. ನಡುವಿನ ಮನೆಯಲ್ಲಿ ಹತ್ತು ತುಂಬಿ, ಕೈಯಲ್ಲಿ ಒಂದು ಉಳಿದು, ಅದು ಎಡಕ್ಕೆ ಹೋಗಿ ಒಂಬತ್ತನ್ನು ಸೊನ್ನೆ ಮಾಡಿ, ಅಲ್ಲಿಂದ ಮತ್ತೊಂದು ದಾಟಿ ಎಂಟನ್ನು ಒಂಬತ್ತು ಮಾಡಿದ್ದನ್ನು ಅವಳೇ ಹಲಗೆಯ ಮೇಲೆ ಹುಡುಕಿದಳು.