ಗೇರ್‌ಬಾಕ್ಸಿನ ನಿದಾನ

ಉಪ್ಪಿನಂಗಡಿಯಿಂದ ಕಡಬಕ್ಕೂ ಪುತ್ತೂರಿನಿಂದ ಸುಳ್ಯದ ಮೂಲಕ ಸಂಪಾಜೆಗೂ ಹೋಗುವ ರಸ್ತೆಗಳ ಬದಿಯಲ್ಲಿ, ತಗಡಿನ ಮಾಡಿನ ಕೆಳಗೆ ಜೀಪು, ಪಿಕಪ್, ಲಾರಿಗಳನ್ನು ಬಿಚ್ಚಿ ಜೋಡಿಸುವ ಗ್ಯಾರೇಜುಗಳ ಕೆಲಸವನ್ನು ಕುರಿತು ನಮ್ಮಲ್ಲಿ ಎರಡು ಬಗೆಯ ಅಭಿಪ್ರಾಯಗಳು ರೂಢವಾಗಿವೆ. ಶಬ್ದವನ್ನು ಕೇಳಿದೊಡನೆಯೇ ದೋಷವನ್ನು ಹೇಳಬಲ್ಲ ಸಿದ್ಧಹಸ್ತರೆಂದು ಹೊಗಳುವವರು ಕೆಲವರು. ಸುತ್ತಿಗೆಯ ಆಚೆಗೆ ಏನನ್ನೂ ಅರಿಯದವರೆಂದು ಹಳಿದು ಮಂಗಳೂರಿನ ಕಂಪೆನಿ ಸರ್ವಿಸಿಗೇ ಗಾಡಿಯನ್ನು ಒಯ್ಯುವವರು ಮತ್ತೆ ಕೆಲವರು. ಈ ವಿದ್ಯೆಯ ನಿಜವಾದ ಬಲವನ್ನು ಇಬ್ಬರೂ ಗುರುತಿಸಿಲ್ಲವೆಂದು ನನ್ನ ಮತ. ಒಂದು ಲಕ್ಷಣ ಯಾವ ಸ್ಥಿತಿಯಲ್ಲಿ ತೋರುತ್ತದೆ, ಯಾವ ಸ್ಥಿತಿಯಲ್ಲಿ ಅಡಗುತ್ತದೆ ಎಂಬ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಕಾರಣವನ್ನು ನಿಷ್ಕರ್ಷಿಸುವ, ನಮ್ಮ ತಾರ್ಕಿಕರು ಅನ್ವಯ-ವ್ಯತಿರೇಕವೆಂದು ಕರೆದ ಕ್ರಮವನ್ನು, ಆ ಹೆಸರನ್ನು ಕೇಳಿಯೂ ಇಲ್ಲದ ನಮ್ಮ ಒಳ್ಳೆಯ ಮೆಕ್ಯಾನಿಕರು ದಿನವೂ ನಡೆಸುತ್ತಿದ್ದಾರೆ.

ಎರಡು ಮೂರು ಲಕ್ಷ ಕಿಲೋಮೀಟರು ಓಡಿ, ರಬ್ಬರು ತೋಟದ ಏರುಗಳಲ್ಲಿಯೂ ಅಡಿಕೆಯ ಮೂಟೆಗಳ ಭಾರದಲ್ಲಿಯೂ ಸವೆದುಹೋದ ಮಹೀಂದ್ರ ಜೀಪೊಂದನ್ನು ತೆಗೆದುಕೊಳ್ಳಿ. ಎಂಜಿನು ಓಡುತ್ತಿದ್ದು ಗೇರು ನ್ಯೂಟ್ರಲಿನಲ್ಲಿರುವಾಗ ಗೊರಗೊರ ಶಬ್ದವಿದ್ದು, ಕ್ಲಚ್ಚನ್ನು ಒತ್ತಿದ ಕೂಡಲೇ ಅದು ನಿಂತುಹೋದರೆ ಸಂಶಯ ಪೆಟ್ಟಿಗೆಯ ಒಳಗಿನ ಬೇರಿಂಗುಗಳ ಮೇಲೆ. ಒತ್ತಿದಾಗ ಮಾತ್ರ ಶಬ್ದ ಹುಟ್ಟಿದರೆ ಕ್ಲಚ್ಚಿನ ರಿಲೀಸ್ ಬೇರಿಂಗಿನ ಮೇಲೆ. ಒಂದು, ಎರಡು, ಮೂರನೆಯ ಗೇರುಗಳಲ್ಲಿ ನರಳುತ್ತಿದ್ದ ಗಾಡಿ ನಾಲ್ಕನೆಯದರಲ್ಲಿ ಮೌನವಾದರೆ, ನೇರ ಗೇರಿನಲ್ಲಿ ಭಾರವೆಲ್ಲ ಮೇಲಿನ ಶಾಫ್ಟಿನಿಂದಲೇ ಸಾಗುವುದರಿಂದ, ದೋಷ ಕೆಳಗಿನ ಲೇ ಶಾಫ್ಟಿನ ಕಡೆಗಿದೆಯೆಂದು ಒಂದು ಬೋಲ್ಟನ್ನೂ ಸಡಿಲಿಸದೆ ಹೇಳಬಹುದು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ, ಆಕ್ಸಿಲರೇಟರಿನಿಂದ ಕಾಲು ತೆಗೆದ ಕ್ಷಣದಲ್ಲಿ ಮೂರನೆಯ ಗೇರು ತಾನಾಗಿ ಜಂಪ್ ಆಗುವುದು ಸುಳ್ಯದ ಪೇಟೆಯ ಸಮತಟ್ಟಿನಲ್ಲಿ ಎಷ್ಟು ಸುತ್ತಿದರೂ ಕಾಣಿಸಿಕೊಳ್ಳದು. ಆದುದರಿಂದ ಬಲ್ಲವನು ಮೊದಲು ಗಾಡಿಯನ್ನು ಘಾಟಿಗೆ ಒಯ್ಯುತ್ತಾನೆ, ಅನಂತರ ಜಾಕಿಗೆ ಕೈಹಾಕುತ್ತಾನೆ.

ತೈಲವನ್ನು ಇಳಿಸುವ ಕ್ರಿಯೆಯನ್ನೂ ಹತ್ತಿರದಿಂದ ನೋಡತಕ್ಕದ್ದು. ಡ್ರೈನ್ ಬೋಲ್ಟು ಕಳಚಿ ಬಂದೊಡನೆ ಅನುಭವಿಯಾದವನು ಅದರ ತುದಿಯ ಕೆಸರನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜಿ ಬಿಸಿಲಿಗೆ ಹಿಡಿಯುತ್ತಾನೆ: ಹಳದಿಯ ಮಿನುಗು ಕಂಡರೆ ಸವೆದದ್ದು ಹಿತ್ತಾಳೆಯ ಸಿಂಕ್ರೋ ರಿಂಗು, ಬೆಳ್ಳಗಿನ ಚೂಪು ಚೂರು ತಾಗಿದರೆ ಬೇರಿಂಗೋ ಹಲ್ಲೋ ಒಡೆದಿದೆ, ತೈಲ ಹಾಲಿನಂತಾಗಿದ್ದರೆ, ಕಾದ ಪೆಟ್ಟಿಗೆ ಹೊಳೆ ದಾಟುವಾಗ ಥಟ್ಟನೆ ತಣಿದು ಉಸಿರುಗೊಳವೆಯಿಂದ ನೀರನ್ನು ಒಳಗೆಳೆದುಕೊಂಡಿದೆ.

ಇಷ್ಟು ಸೂಕ್ಷ್ಮವಾಗಿ ನೋಡಿದವನೇ ಮರುಕ್ಷಣ ಮೂಲೆಯ ಡ್ರಮ್ಮಿನಲ್ಲಿ ಯಾವುದಿದೆಯೋ ಅದನ್ನು ಸುರಿದುಬಿಡುತ್ತಾನೆಂಬುದು ಈ ಪದ್ಧತಿಯ ದೊಡ್ಡ ನ್ಯೂನತೆ. ಹಿಂದಿನ ಆಕ್ಸಲಿಗೆ ತಕ್ಕ ತೀಕ್ಷ್ಣವಾದ ತೈಲ ಹಿತ್ತಾಳೆಯ ರಿಂಗನ್ನು ತಿನ್ನಬಲ್ಲುದು ಎಂದರೆ, ‘ಎರಡೂ ತೊಂಬತ್ತು ನಂಬ್ರದ್ದೇ ಅಲ್ಲವಾ ಮಾರಾಯ್ರೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಹಲ್ಲಿನ ಗೇರುಗಳು ಈ ಉದಾಸೀನವನ್ನು ಬಹುಕಾಲ ಸಹಿಸಿದವು. ಈಗ ನಗರಗಳಲ್ಲಿ ಹಳತಾಗಿ, ಕೈಬದಲಾಗಿ ನಮ್ಮ ತೋಟಗಳಿಗೆ ಬರತೊಡಗಿರುವ ಆಟೋಮ್ಯಾಟಿಕ್ ಗಾಡಿಗಳು ಸಹಿಸಲಾರವು. ಜರ್ಮನಿಯ ಹರ್ಮನ್ ಫಾಟಿಂಗರ್ 1905ರಲ್ಲಿ ಹಡಗುಗಳಿಗಾಗಿ ಪೇಟೆಂಟು ಪಡೆದ, ಎದುರುಬದುರಾದ ಅಲಗಿನ ಚಕ್ರಗಳ ನಡುವಣ ತೈಲದಿಂದಲೇ ಶಕ್ತಿಯನ್ನು ದಾಟಿಸುವ ತತ್ತ್ವವೇ ಇಲ್ಲಿಯ ಟಾರ್ಕ್ ಕನ್ವರ್ಟರಿಗೆ ಮೂಲ. ಅದರ ಹಿಂದೆ ಗ್ರಹಚಕ್ರಗಳ ಗುಂಪೂ, ಅವುಗಳನ್ನು ಹಿಡಿದು ಬಿಡುವ ತೆಳುವಾದ ಕ್ಲಚ್ ಬಿಲ್ಲೆಗಳೂ ಇದ್ದು, ಅವನ್ನು ಅಮುಕತಕ್ಕದ್ದು ಪಂಪಿನ ಒತ್ತಡ. ಎಂಜಿನು ತಿರುಗದೆ ಆ ಪಂಪು ತಿರುಗದಾದುದರಿಂದ, ನಾಲ್ಕು ಜನ ಸೇರಿ ತಳ್ಳಿ ಸ್ಟಾರ್ಟ್ ಮಾಡುವ ನಮ್ಮ ಸನಾತನ ಉಪಾಯ ಇಲ್ಲಿ ವ್ಯರ್ಥ. ಎಂಜಿನು ನಿಂತ ಗಾಡಿಯನ್ನು, ಪೆಟ್ಟಿಗೆಯಿಂದ ಶಕ್ತಿ ಪಡೆಯುವ ಚಕ್ರಗಳು ನೆಲದ ಮೇಲೆಯೇ ಉರುಳುವಂತೆ ಹಗ್ಗ ಕಟ್ಟಿ ಎಳೆದೊಯ್ಯುವುದಂತೂ ತೈಲ ತಲಪದ ಭಾಗಗಳನ್ನು ಸುಟ್ಟುಕೊಳ್ಳುವ ಕ್ರಮ.

ಆದರೆ ನಿದಾನದ ತರ್ಕ ಬೇರೆಯಾಗಿಲ್ಲ. ಎಲ್ಲ ಗೇರುಗಳಲ್ಲಿಯೂ ಎಂಜಿನು ಬರಿದೆ ಅರಚಿ ಗಾಡಿ ಹಿಂದುಳಿದರೆ ಎಲ್ಲಕ್ಕೂ ಸಮಾನವಾದುದನ್ನು, ಎಂದರೆ ತೈಲದ ಮಟ್ಟ, ಫಿಲ್ಟರು, ಪಂಪುಗಳನ್ನು ಮೊದಲು ಶಂಕಿಸಬೇಕು. ಒಂದೇ ಗೇರಿನಲ್ಲಿ ಜಾರಿದರೆ ಆ ಗೇರಿನ ಕ್ಲಚ್ಚನ್ನು, ಅದಕ್ಕೆ ತೈಲ ಬಿಡುವ ಕವಾಟವನ್ನು. ರಾತ್ರಿಯೆಲ್ಲ ನಿಂತ ಗಾಡಿ ಬೆಳಗ್ಗೆ ಡಿ ಸ್ಥಾನಕ್ಕೆ ಹಾಕಿದ ಮೇಲೂ ಕೆಲವು ಕ್ಷಣ ಕದಲದಿದ್ದರೆ ಮಟ್ಟ ಇಳಿದಿರಬಹುದು, ಸೀಲುಗಳು ಗಡುಸಾಗಿರಬಹುದು. ಕೆಂಪು ತೈಲ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಬಿಲ್ಲೆಗಳು ಬೆಂದಿವೆ. ನಸುಗೆಂಪು ಹಾಲಿನಂತಿದ್ದರೆ ರೇಡಿಯೇಟರಿನೊಳಗಣ ಕೂಲರು ತೂತಾಗಿ ನೀರು ಬೆರೆತಿದೆ. ತಳದ ಆಯಸ್ಕಾಂತದ ಮೇಲೆ ನುಣ್ಣಗಿನ ಬೂದು ಲೇಪ ಕಂಡರೆ ಗಾಬರಿಪಡಬೇಕಾಗಿಲ್ಲ, ಅದು ವಯೋಸಹಜ. ಗಾಡಿ ಒಂದೇ ಗೇರಿನಲ್ಲಿ ಕಚ್ಚಿ ನಿಂತಿದ್ದರೆ, ಅಡಿಕೆಯ ಕೊಟ್ಟಿಗೆಯಲ್ಲಿ ಇಲಿ ಕಡಿದ ವೈರೊಂದೇ ಕಾರಣವಾಗಿರುವುದೂ ಅಸಂಭವವಲ್ಲ.

ಹೀಗಿರುತ್ತ, ಪಾರಂಪರಿಕ ವಿವೇಕವನ್ನು ಹೊಸ ಪೆಟ್ಟಿಗೆಗೂ ಅನ್ವಯಿಸುವ ಬದಲು ನಮ್ಮವರು ಅದರೆದುರು ಧೈರ್ಯಗೆಡುತ್ತಾರೆ, ಇಲ್ಲವೆ ಒಮ್ಮೆಲೇ ಬಿಚ್ಚಿಬಿಡುತ್ತಾರೆ. ಮುರಕಲ್ಲಿನ ಕೆಂಧೂಳು ಹಾರುವ ಅಂಗಳದಲ್ಲಿ, ನೂಲೆಳೆ ಬಿಡುವ ಹಳೆಯ ಬಟ್ಟೆಯಿಂದ ಕವಾಟಗಳ ಮನೆಯನ್ನು ಒರಸುವುದಕ್ಕಿಂತ ಬಿಚ್ಚದಿರುವುದೇ ಲೇಸು. ಕಂಪೆನಿಯ ಸರ್ವಿಸನ್ನು ಈ ವಿಷಯದಲ್ಲಿ ನಾನು ಪೂರ್ತಿಯಾಗಿ ಮೆಚ್ಚಲಾರೆ: ಶುಚಿತ್ವವೂ ಉಪಕರಣಗಳೂ ಅಲ್ಲಿ ನಿಸ್ಸಂದೇಹವಾಗಿ ಮೇಲು; ಆದರೆ ಒಂದು ಸೊಲೆನಾಯ್ಡಿನ ದೋಷಕ್ಕೆ ಇಡೀ ಪೆಟ್ಟಿಗೆಯನ್ನೇ ಬದಲಿಸಿರೆನ್ನುವ ಸಲಹೆ ನಿದಾನದ ಶ್ರಮವನ್ನು ಗಿರಾಕಿಯ ಹಣದಿಂದ ತಪ್ಪಿಸಿಕೊಳ್ಳುವ ದಾರಿ; ಹಳೆಯ ಗಾಡಿಯ ಬೆಲೆಗೆ ಆ ಪೆಟ್ಟಿಗೆಯ ಬೆಲೆ ಹೊಂದುವುದೂ ಇಲ್ಲ.

ದೋಷದ ಒಂದು ಪಾಲು ಗಾಡಿಯ ಒಡೆಯರದೂ ಹೌದು. ಅರ್ಧ ದಿನ ಘಾಟಿಯಲ್ಲಿ ಓಡಿಸಿ, ಗೇಜಿಟ್ಟು ಒತ್ತಡವನ್ನು ಅಳೆದು, ಕೊನೆಗೆ ವೈರೊಂದನ್ನು ಕೂಡಿಸಿ ಗಾಡಿಯನ್ನು ಹಿಂದಿರುಗಿಸಿದ ಮೆಕ್ಯಾನಿಕನೊಡನೆ ‘ನೀವು ಏನೂ ಬಿಚ್ಚಲೇ ಇಲ್ಲವಲ್ಲ’ ಎಂದು ಚೌಕಾಸಿಗೆ ನಿಲ್ಲುವ ಗಿರಾಕಿಯೇ, ಪೆಟ್ಟಿಗೆಯನ್ನು ಕೆಳಗಿಳಿಸಿ ಬಿಡಿಭಾಗಗಳನ್ನು ಗೋಣಿಯ ಮೇಲೆ ಹರಡಿದವನಿಗೆ ಕೇಳಿದಷ್ಟನ್ನು ಎಣಿಸಿಕೊಡುತ್ತಾನೆ.