ಇಪ್ಪತ್ತು ನಿಮಿಷದ ಮರೆವು

ಯೆಸ್ ತಂಡದ ‘ಕ್ಲೋಸ್ ಟು ದಿ ಎಡ್ಜ್’ ಯಾಕೆ ದೊಡ್ಡ ಹಾಡು ಎಂದು ನಮ್ಮೂರಿನ ಯಾವ ಪ್ರಾಗ್ (ಪ್ರೊಗ್ರೆಸಿವ್ ರಾಕ್) ಅಭಿಮಾನಿಯನ್ನಾದರೂ ಕೇಳಿ ನೋಡಿ, ಮಗ್ಗಿ ಒಪ್ಪಿಸಿದ ಹಾಗೆ ಲೆಕ್ಕ ಒಪ್ಪಿಸುತ್ತಾರೆ. ಹದಿನೆಂಟು ಮುಕ್ಕಾಲು ನಿಮಿಷ. ನಾಲ್ಕು ಭಾಗ. ಶುರುವಿನಲ್ಲೇ ಕೈಗೆ ಸಿಗದ ಎಣಿಕೆ. ಜೆನೆಸಿಸ್‌ನ ‘ಸಪ್ಪರ್ಸ್ ರೆಡಿ’ ಎಂದರೆ ಇಪ್ಪತ್ತಮೂರು ನಿಮಿಷ, ಏಳು ಭಾಗ, ಕೊನೆಗೆ ಒಂಬತ್ತರ ಎಣಿಕೆಯ ಆರ್ಗನ್ ಸೋಲೊ. ಬಸವೇಶ್ವರನಗರದ ಹಾವನೂರು ವೃತ್ತದಲ್ಲಿ ನಿಂತು, ಹತ್ತಬೇಕಾದ ಬಿಟಿಎಸ್ ಬಸ್ಸುಗಳನ್ನು ಒಂದಾದ ಮೇಲೊಂದು ಬಿಟ್ಟು, ನಾನೂ ಇದನ್ನೇ ಒಪ್ಪಿಸಿದವನು. ಆ ಹಾಡುಗಳ ಮೇಲಿನ ಪ್ರೀತಿ ಈಗಲೂ ಹಾಗೇ ಇದೆ. ಆ ಲೆಕ್ಕದ ಮೇಲಿನ ನಂಬಿಕೆ ಮಾತ್ರ ಪೂರ್ತಿ ಹೋಗಿದೆ.

ಎದುರು ಪಕ್ಷದ ವಾದವೂ ಎಲ್ಲರಿಗೂ ಗೊತ್ತಿರುವಂಥದ್ದೇ. ಎಪ್ಪತ್ತರ ದಶಕದ ಮೊದಲರ್ಧದಲ್ಲಿ ಇಂಗ್ಲೆಂಡಿನ ಹುಡುಗರು ರಾಕ್ ಸಂಗೀತಕ್ಕೆ ಜರತಾರಿ ಉಡಿಸಿ ಮೆರವಣಿಗೆ ಹೊರಡಿಸಿದರು, 1976–77ರಲ್ಲಿ ಪಂಕ್ ಬಂದು ಮೂರೇ ಕಾರ್ಡುಗಳಲ್ಲಿ ಆ ಜರಿಯನ್ನೆಲ್ಲ ಕಿತ್ತು ಹಾಕಿತು. ಹೊಗಳುವವರಿಗೆ ಉದ್ದ ಒಂದು ಸಾಧನೆ, ತೆಗಳುವವರಿಗೆ ಅದೇ ಉದ್ದ ಒಂದು ಡೌಲು. ಈ ಹಾಡುಗಳ ಜೀವವಿರುವುದು ಅವುಗಳ ಉದ್ದದಲ್ಲಿ, ತೊಡಕಿನಲ್ಲಿ ಎಂಬ ವಿಷಯದಲ್ಲಿ ಮಾತ್ರ ಇಬ್ಬರಿಗೂ ಒಮ್ಮತ. ನನ್ನ ತಕರಾರು ಆ ಒಮ್ಮತದ ಮೇಲೆ. ಉದ್ದ ಇಲ್ಲಿ ಯಜಮಾನನಲ್ಲ, ಕೂಲಿಯಾಳು. ಅದಕ್ಕೆ ಕೊಟ್ಟಿರುವ ಕೆಲಸ ಮರೆಸುವುದು. ಮೊದಲು ಕೇಳಿದ ರಾಗವನ್ನು ನಾವು ನಿಜಕ್ಕೂ ಮರೆಯಬೇಕು, ಆಮೇಲೆ ಅದು ತಿರುಗಿ ಬಂದಾಗ ಅದೇ ಹೌದೋ ಅಲ್ಲವೋ ಎಂದು ಅರೆಕ್ಷಣ ಅನುಮಾನಿಸಬೇಕು. ಅಷ್ಟು ಮರೆಸಲಾರದ ಎಪಿಕ್ (ಇಂಥ ಉದ್ದದ ಹಾಡನ್ನು ಕರೆಯುವುದೇ ಹಾಗೆ), ಗಡಿಯಾರದಲ್ಲಿ ಎಷ್ಟೇ ಓಡಿದರೂ ಗಿಡ್ಡ ಹಾಡೇ.

ಇದನ್ನು ನನಗೆ ಕಲಿಸಿದ್ದು ಲಂಡನ್ನಿನ ಪತ್ರಿಕೆಗಳಲ್ಲ, ಗುರುರಾಜುಲು ನಾಯ್ಡು. ನಮ್ಮ ಕಡೆ ಗಣೇಶನನ್ನು ಕೂರಿಸಲಿ, ಅಣ್ಣಮ್ಮನನ್ನು ಕರೆತರಲಿ, ಮೈಕ್‌ಸೆಟ್ಟಿನವನು ಅವರ ಹರಿಕಥೆಯ ಕ್ಯಾಸೆಟ್ಟೊಂದನ್ನು ಹಾಕಿಯೇ ಹಾಕುತ್ತಿದ್ದ. ಹರಿಕಥೆಯ ದಾಸರು ಮಾಡುವುದೇನು? ಕಥೆಯ ನಡುವೆ ಒಬ್ಬಳನ್ನು ಕಾಡಿನಲ್ಲಿ ಅಳುತ್ತ ನಿಲ್ಲಿಸಿ, ಉಪಕಥೆಗೆ ಹೊರಳುತ್ತಾರೆ. ಅತ್ತೆ ಸೊಸೆಯರ ಜಗಳ ಬರುತ್ತದೆ, ಜಿಪುಣ ಶೆಟ್ಟಿ ಬರುತ್ತಾನೆ, ಒಂದು ದೇವರನಾಮ ಬರುತ್ತದೆ, ಕೂತವರು ಬಿದ್ದು ಬಿದ್ದು ನಗುತ್ತಾರೆ. ಕಾಡಿನಲ್ಲಿ ನಿಂತವಳನ್ನು ಎಲ್ಲರೂ ಮರೆತಿದ್ದಾರೆ ಎಂದು ಖಾತ್ರಿಯಾದ ಮೇಲೆ, ಬಿಟ್ಟ ಶ್ರುತಿಯಲ್ಲೇ ಅವಳ ಅಳುವನ್ನು ಮತ್ತೆ ಎತ್ತಿಕೊಳ್ಳುತ್ತಾರೆ. ಅಯ್ಯೋ ಇವಳನ್ನು ಮರೆತೇಬಿಟ್ಟಿದ್ದೆನಲ್ಲ ಎಂಬ ತಪ್ಪಿತಸ್ಥ ಭಾವದಿಂದಲೇ ಆಗ ಕಣ್ಣು ತೇವವಾಗುವುದು.

ಹೋಲಿಕೆ ಎಂದ ಕೂಡಲೇ ನಮ್ಮ ಗೆಳೆಯರು ರಾಗ–ತಾನ–ಪಲ್ಲವಿಗೆ ಕೈಹಾಕುತ್ತಾರೆ. ಇವೂ ನಮ್ಮ ಆರ್‌ಟಿಪಿ ಇದ್ದ ಹಾಗೆ ಕಣಯ್ಯ, ಒಂದು ಗಂಟೆ ಕೇಳುವ ಕಿವಿ ನಮಗಿದೆ ಎನ್ನುತ್ತಾರೆ. ಈ ಹೋಲಿಕೆ ಎರಡೂ ಕಡೆಯವರಿಗೆ ಮಾಡುವ ಅನ್ಯಾಯ. ರಾಮನವಮಿಯ ಚಪ್ಪರದಡಿ ಪಾನಕದ ಲೋಟ ಹಿಡಿದು ಪಲ್ಲವಿ ಕೇಳಿದವರಿಗೆ ಗೊತ್ತು, ಅಲ್ಲಿ ಪಲ್ಲವಿಯ ಸಾಲು ಎಲ್ಲಿಗೂ ಹೋಗುವುದಿಲ್ಲ. ಅದನ್ನು ವಿಳಂಬಕ್ಕೆ ಎಳೆಯುತ್ತಾರೆ, ದ್ರುತಕ್ಕೆ ಮಡಿಸುತ್ತಾರೆ, ತ್ರಿಕಾಲ ಮಾಡುತ್ತಾರೆ. ಆದರೂ ಅದು ಇದ್ದಲ್ಲೇ ಇರುತ್ತದೆ, ನಮ್ಮ ಕೈ ತೊಡೆಯ ಮೇಲೆ ತಾಳವನ್ನು ಕಾಯುತ್ತಲೇ ಇರುತ್ತದೆ. ಒಂದು ಕ್ಷಣವೂ ಮರೆಯದಿರುವುದೇ ಅಲ್ಲಿನ ರಸಿಕತೆ. ಪ್ರಾಗ್ ಎಪಿಕ್ ಬೇಡುವುದು ಇದಕ್ಕೆ ನೇರ ವಿರುದ್ಧವಾದದ್ದನ್ನು.

ಎಣಿಕೆಯ ಮಹಿಮೆಯೂ ನಮ್ಮಲ್ಲಿ ಅತಿಯಾಯಿತು. ಏಳಕ್ಷರದ ಮಿಶ್ರಛಾಪಿನಲ್ಲಿ ದೇವರನಾಮ ಗುನುಗುತ್ತ ಸೊಪ್ಪು ಬಿಡಿಸುವ ಅಜ್ಜಿಯರಿರುವ ಊರಿನಲ್ಲಿ, ಗಿಟಾರಿನವನು ಏಳು ಎಣಿಸಿದ ಎಂದು ಬೆಚ್ಚಿಬೀಳಬೇಕೆ? ಕಿಂಗ್ ಕ್ರಿಮ್ಸನ್ನಿನ ‘ಸ್ಟಾರ್‌ಲೆಸ್’ ನಡುವೆ 13ರ ಎಣಿಕೆ ಬರುತ್ತದೆಂದು ಹುಬ್ಬೇರಿಸುವವರು ನಮ್ಮ 35 ತಾಳಗಳ ಪಟ್ಟಿ ತೆರೆದು ನೋಡಲಿ. ಸಂಕೀರ್ಣ ಜಾತಿ ತ್ರಿಪುಟ ಎಂದರೆ 9, 2, 2, ಕೂಡಿದರೆ ಅದೇ 13. ಈ ಗೀಳಿಗೆ ನಮ್ಮ ಪಶ್ಚಿಮ ಬೆಂಗಳೂರೂ ಕಾಣಿಕೆ ಕೊಟ್ಟಿದೆ. ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯ ವಿದ್ಯಾರ್ಥಿಗಳು ನಡೆಸಿಕೊಂಡು ಬಂದ ‘ಸ್ಟ್ರಾಬೆರಿ ಫೀಲ್ಡ್ಸ್’ ಸ್ಪರ್ಧೆಗೆ ನನಗೆ ಋಣವಿದೆ. ರಾಕ್ ಎಂದರೆ ದಂಡು ಪ್ರದೇಶದವರ ಸೊತ್ತು ಎನ್ನುವವರಿಗೆ ಅದೇ ಉತ್ತರ. ಆದರೆ ಸ್ಪರ್ಧೆಯ ವೇದಿಕೆ ಸ್ವಭಾವತಃ ಕೈಚಳಕದ ಕಡೆ ವಾಲುತ್ತದೆ. ಸಿಕ್ಕ ಸ್ವಲ್ಪ ಹೊತ್ತಿನಲ್ಲಿ ತೀರ್ಪುಗಾರರನ್ನು ಒಲಿಸಿಕೊಳ್ಳಬೇಕಾದ ತಂಡಕ್ಕೆ ಮರೆಸುವ ವ್ಯವಧಾನ ಎಲ್ಲಿಂದ ಬರಬೇಕು? ಕೆಳಗೆ ನಿಂತ ನಾವು ಬೆರಳು ಮಡಿಸುತ್ತ ಎಣಿಕೆ ಹಿಡಿಯುವುದನ್ನು ಕಲಿತೆವು, ಅದನ್ನೇ ಕೇಳುವುದು ಎಂದುಕೊಂಡೆವು. ತಮಾಷೆಯೆಂದರೆ, ಆ ಸ್ಪರ್ಧೆಗೆ ಹೆಸರು ಕೊಟ್ಟ ಬೀಟಲ್ಸ್ ಹಾಡು ನಾಲ್ಕೇ ನಿಮಿಷದ್ದು. ಅದೂ ಬೇರೆ ಬೇರೆ ಶ್ರುತಿ, ಬೇರೆ ಬೇರೆ ವೇಗದ ಎರಡು ಟೇಕುಗಳನ್ನು ಜಾರ್ಜ್ ಮಾರ್ಟಿನ್ ಟೇಪ್ ಕತ್ತರಿಸಿ ಅಂಟಿಸಿ ಮಾಡಿದ್ದು.

ಅಂಟಿಸುವ ಮಾತು ಬಂದದ್ದು ಒಳ್ಳೆಯದೇ ಆಯಿತು. ಈ ಎಪಿಕ್‌ಗಳನ್ನು ಸಿಂಫನಿ ಎಂದು ಕರೆಯುವ ರೂಢಿಯಿದೆ, ಒಂದೇ ಬೀಜದಿಂದ ಮರವಾಗಿ ಬೆಳೆದವು ಎಂಬಂತೆ. ‘ಕ್ಲೋಸ್ ಟು ದಿ ಎಡ್ಜ್’ ಹಾಗೆ ಬೆಳೆದದ್ದಲ್ಲ. 1972ರಲ್ಲಿ ಅದನ್ನು ತುಂಡು ತುಂಡಾಗಿ ಕಟ್ಟಿ, ತುಂಡು ತುಂಡಾಗಿ ನುಡಿಸಿ, ಎಂಜಿನಿಯರ್ ಎಡ್ಡಿ ಆಫರ್ಡ್ ಜೊತೆ ಕೂತು ಟೇಪಿನಲ್ಲಿ ಜೋಡಿಸಿದರು. ಪಿಂಕ್ ಫ್ಲಾಯ್ಡ್‌ನ ‘ಎಕೋಸ್’ ಹುಟ್ಟಿದ್ದಂತೂ ‘ನಥಿಂಗ್’ ಎಂದು ಹೆಸರಿಟ್ಟು ಎಣಿಸಿಟ್ಟ ಚೂರುಪಾರುಗಳಿಂದ. ಇಪ್ಪತ್ತು ಚಿಲ್ಲರೆ ನಿಮಿಷ ಎಂಬ ಗಾತ್ರವನ್ನೂ ಯಾವ ಸರಸ್ವತಿಯೂ ವರ ಕೊಡಲಿಲ್ಲ. ಎಲ್‌ಪಿಯ ಒಂದು ಮುಖದಲ್ಲಿ ಹಿಡಿಸುವುದೇ ಅಷ್ಟು. ಇದನ್ನು ಹೇಳಿದರೆ ಅಭಿಮಾನಿಗಳಿಗೆ ಅವಮಾನವಾಗುತ್ತದೆ, ವಿರೋಧಿಗಳಿಗೆ ಖುಷಿಯಾಗುತ್ತದೆ. ನನಗೆ ಎರಡೂ ಆಗುವುದಿಲ್ಲ. ಕೌದಿಯನ್ನು ಅದರ ಹೊಲಿಗೆ ನೋಡಿ ಮೆಚ್ಚಬೇಕು, ಒಂದೇ ಬಟ್ಟೆಯೆಂದು ಸುಳ್ಳು ಹೇಳಿ ಅಲ್ಲ.

ಹಾಗಾದರೆ ಎಮರ್ಸನ್, ಲೇಕ್ ಆಂಡ್ ಪಾಮರ್ ತಂಡದ ‘ಟಾರ್ಕಸ್’ (1971) ಯಾಕೆ ಸೋಲುತ್ತದೆ? ಅದರಲ್ಲೂ ಏಳು ಭಾಗ, ಅದರಲ್ಲೂ ಕೊನೆಗೆ ಮೊದಲ ಭಾಗದ ಐದರೆಣಿಕೆಯ ಅಬ್ಬರ ಮರಳಿ ಬರುತ್ತದೆ. ಆದರೆ ಅದನ್ನು ನಾವು ಮರೆತದ್ದೇ ಯಾವಾಗ? ಕೀತ್ ಎಮರ್ಸನ್ ಬೆರಳುಗಳು ಇಪ್ಪತ್ತು ನಿಮಿಷವೂ ಒಂದೇ ಕಾವಿನಲ್ಲಿ ಕುದಿಯುತ್ತವೆ. ಮನೆಯಿಂದ ಹೊರಗೆ ಕಾಲೇ ಇಡದವನು ಬಾಗಿಲು ಬಡಿದು ಬಂದೆ ಬಂದೆ ಎಂದು ಕೂಗಿದ ಹಾಗಾಯಿತು ಅದು. ಆ ಮೂವರಲ್ಲಿ ಪ್ರತಿಯೊಬ್ಬರೂ ಅಸಾಧ್ಯ ವಾದಕರು, ಈ ಮಾತನ್ನು ಅವರ ಮೇಲಿನ ಗೌರವದಿಂದಲೇ ಹೇಳುತ್ತಿದ್ದೇನೆ. ರಷ್ ತಂಡದ ‘2112’ರ (1976) ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದನ್ನು ಹಿಡಿದಿಟ್ಟಿರುವುದು ಕಥೆ. ಕಥೆ ತಿಳಿಯದವನಿಗೆ ಅಲ್ಲಿ ಏಳು ಒಳ್ಳೆಯ ದೃಶ್ಯಗಳಿವೆ, ಹಾಡು ಒಂದೂ ಇಲ್ಲ.

‘ಎಕೋಸ್’ ವಿಷಯದಲ್ಲಿ ಕಟ್ಟಾ ಪ್ರಾಗ್ ಮಂದಿಯ ಜೊತೆ ನನ್ನ ಜಗಳ ದೊಡ್ಡದು. ಪಿಂಕ್ ಫ್ಲಾಯ್ಡ್ ಸರಳ, ಕೈ ಓಡುವುದಿಲ್ಲ, ಅದು ಪ್ರಾಗ್ ಅಲ್ಲವೇ ಅಲ್ಲ ಎನ್ನುತ್ತಾರೆ. ಹಾಡಿನ ನಡುಭಾಗವಂತೂ ಅವರಿಗೆ ಬರೀ ಸದ್ದು. ಅದು ಬರೀ ಸದ್ದೇ, ಒಪ್ಪುತ್ತೇನೆ. ಡೇವಿಡ್ ಗಿಲ್ಮೋರ್ ತನ್ನ ವಾ-ಪೆಡಲ್ಲಿಗೆ ತಂತಿಯನ್ನು ಉಲ್ಟಾ ಜೋಡಿಸಿ ಕಡಲಹಕ್ಕಿಯಂಥ ಚೀರಾಟ ಎಬ್ಬಿಸುತ್ತಾನೆ, ರಾಗವಿಲ್ಲ, ತಾಳವಿಲ್ಲ, ಹಿಡಿದುಕೊಳ್ಳಲು ಒಂದು ಕಡ್ಡಿಯೂ ಇಲ್ಲ. ಸರಿಯಾಗಿ ಆ ಕಾರಣಕ್ಕೇ ಅದು ಈ ಹಾಡಿನ ಅತ್ಯಂತ ಜಾಣ ಭಾಗ. ಕೇಳುತ್ತಿದ್ದುದು ಹಾಡು ಎಂಬುದನ್ನೇ ಅದು ಮರೆಸುತ್ತದೆ. ಆಮೇಲೆ ಎಲ್ಲೋ ದೂರದಲ್ಲಿ ಪಿಯಾನೊದ ಆ ಒಂಟಿ ಹನಿ, ಮೊಟ್ಟಮೊದಲು ಬಿದ್ದಿದ್ದ ಅದೇ ಹನಿ, ಮತ್ತೆ ಟಿಂಗ್ ಎನ್ನುತ್ತದೆ. ‘ಟಾರ್ಕಸ್’ ಇಡೀ ಸಲಕರಣೆಯಲ್ಲಿ ಮಾಡಲಾಗದ್ದನ್ನು ಇಲ್ಲಿ ಒಂದೇ ಸ್ವರ ಮಾಡಿತು.

‘ಸಪ್ಪರ್ಸ್ ರೆಡಿ’ ಮಾತ್ರ ಪಕ್ಕಾ ಹರಿಕಥೆ. 1972ರ ‘ಫಾಕ್ಸ್‌ಟ್ರಾಟ್’ನಲ್ಲಿರುವ ಈ ಹಾಡಿಗೆ ಬೈಬಲ್ಲಿನ ಪ್ರಕಟನೆಯ ಪುಸ್ತಕ ಗೊತ್ತಿರಬೇಕು, ಇಲ್ಲದಿದ್ದರೆ ದಕ್ಕದು ಎನ್ನುವವರಿದ್ದಾರೆ. ವಿಜಯನಗರದಲ್ಲಿ ಕೂತು ಕೇಳಿದ ನಮಗೆ ಅದು ಗೊತ್ತಿರಲಿಲ್ಲ, ದಕ್ಕಿತು. ಎರಡನೆಯ ಭಾಗದಲ್ಲಿ ಶಾಶ್ವತ ರಕ್ಷಣೆಯ ಗ್ಯಾರಂಟಿ ಕೊಡುವ ಒಬ್ಬ ಬರುತ್ತಾನೆ. ಅಂಥವರ ಕಟೌಟು ನೋಡದ ಬಡಾವಣೆ ನಮ್ಮಲ್ಲಿ ಯಾವುದಿದೆ? ‘ವಿಲೋ ಫಾರ್ಮ್’ ಎಂಬ ಐದನೆಯ ಭಾಗವನ್ನು ಹಲವರು ಅಭಾಸ ಎನ್ನುತ್ತಾರೆ. ಗಾಯಕ ಪೀಟರ್ ಗೇಬ್ರಿಯಲ್ ಅಲ್ಲಿ ಕೋಡಂಗಿಯಾಗುತ್ತಾನೆ, ಗಂಭೀರ ಕಥೆಯ ನಡುವೆ ಮಕ್ಕಳಾಟ ಶುರುವಾಗುತ್ತದೆ. ದಾಸರ ಜಿಪುಣ ಶೆಟ್ಟಿಯನ್ನು ಬಲ್ಲವರು ಹಾಗೆನ್ನುವುದಿಲ್ಲ. ಆ ನಗೆಯಿಲ್ಲದಿದ್ದರೆ ಆರಂಭದಲ್ಲಿ ಕೋಣೆಯಲ್ಲಿ ಕೂತಿದ್ದ ಇಬ್ಬರು ಪ್ರೇಮಿಗಳನ್ನು ನಾವು ಮರೆಯುತ್ತಿರಲಿಲ್ಲ. ಟೋನಿ ಬ್ಯಾಂಕ್ಸ್‌ನ ಆರ್ಗನ್ನಿನ ಒಂಬತ್ತರೆಣಿಕೆಯ ಬಿರುಗಾಳಿ ತುದಿ ಮುಟ್ಟಿದ ಮೇಲೆ ಆ ಪ್ರೇಮಿಗಳ ರಾಗ ಮರಳುತ್ತದೆ. ಅದರ ಬೆನ್ನಿಗೇ, ಮೊದಲು ಆ ಗ್ಯಾರಂಟಿ ಸ್ವಾಮಿಯ ಬಾಯಲ್ಲಿ ಕೇಳಿದ ರಾಗವೂ ಬರುತ್ತದೆ, ಈ ಬಾರಿ ಮೋಸವಿಲ್ಲದೆ. ಸುಳ್ಳನಿಂದ ಕಸಿದುಕೊಂಡ ರಾಗದಲ್ಲಿ ಸತ್ಯವನ್ನು ಹಾಡಿಸಿದ್ದು ನನ್ನ ಲೆಕ್ಕದಲ್ಲಿ ಈ ಇಡೀ ಪ್ರಕಾರದ ಅತಿ ದೊಡ್ಡ ಉಪಾಯ. ಬ್ಯಾಂಕ್ಸ್‌ನ ಒಂಬತ್ತನ್ನು ಬೆರಳಲ್ಲಿ ಎಣಿಸುತ್ತ ಕೂತವನಿಗೆ ಇದು ಕೇಳಿಸುವುದೇ ಇಲ್ಲ.

ಅದರ ಪಕ್ಕದಲ್ಲಿಟ್ಟರೆ ‘ಕ್ಲೋಸ್ ಟು ದಿ ಎಡ್ಜ್’ ಒಂದು ಕೂದಲೆಳೆ ಕೆಳಗೆ ನಿಲ್ಲುತ್ತದೆ. ಹೀಗೆಂದು ನಾನು ಗೆಳೆತನಗಳನ್ನೇ ಕಳೆದುಕೊಂಡಿದ್ದೇನೆ. ನಡುವಿನ ನಿಧಾನ ಭಾಗ, ಲಂಡನ್ನಿನ ಇಗರ್ಜಿಯೊಂದಕ್ಕೆ ಹೋಗಿ ರಿಕ್ ವೇಕ್‌ಮನ್ ನುಡಿಸಿ ತಂದ ಆ ಪೈಪ್ ಆರ್ಗನ್, ಇವುಗಳಿಗಿಂತ ಚೆನ್ನಾಗಿ ಮರೆಸುವ ಆರು ನಿಮಿಷ ನನಗೆ ಗೊತ್ತಿಲ್ಲ. ಆದರೆ ಮೊದಲ ರಾಗ ಮರಳುವಾಗ ಗೆದ್ದ ಪೈಲ್ವಾನನ ಹಾಗೆ ತೊಡೆ ತಟ್ಟುತ್ತ ಬರುತ್ತದೆ. ಅದಕ್ಕೆ ಏನೂ ಆಗಿಲ್ಲ. ಕಾಡಿಗೆ ಹೋಗಿ ಬಂದವನ ಅಂಗಿಗೆ ಒಂದು ಮುಳ್ಳಾದರೂ ಅಂಟಿರಬೇಡವೇ? ಡ್ರಮ್ಮರ್ ಬಿಲ್ ಬ್ರೂಫರ್ಡ್ ಈ ಆಲ್ಬಮ್ ಮುಗಿಸಿ ಯೆಸ್ ಬಿಟ್ಟು ಕಿಂಗ್ ಕ್ರಿಮ್ಸನ್ ಸೇರಿದ. ಅವನು ಹೋದ ಕಡೆಗೇ ನಾನೂ ಹೋಗುತ್ತೇನೆ.

ಅದಕ್ಕೆ ಮೊದಲು ಜೆಥ್ರೊ ಟಲ್. ‘ಥಿಕ್ ಆಸ್ ಎ ಬ್ರಿಕ್’ (1972) ಎಲ್‌ಪಿಯ ಎರಡೂ ಮುಖ ತುಂಬುವ ಒಂದೇ ಹಾಡು, ಸುಮಾರು 44 ನಿಮಿಷ. ಹಿಂದಿನ ‘ಅಕ್ವಾಲಂಗ್’ ಅನ್ನು ವಿಮರ್ಶಕರು ಕಾನ್ಸೆಪ್ಟ್ ಆಲ್ಬಮ್ ಎಂದರೆಂದು, ಆ ವಿಮರ್ಶಕರನ್ನು ಅಣಕಿಸಲು ತಂಡದ ಇಯಾನ್ ಆಂಡರ್ಸನ್ ಬರೆದದ್ದು, ಎಂಟು ವರ್ಷದ ಪೋರನೊಬ್ಬನ ಕವಿತೆ ಎಂಬ ಸುಳ್ಳು ಹೊದಿಸಿ. ನಮ್ಮಲ್ಲಿ ಇದನ್ನು ಮಹಾಕಾವ್ಯ ಎನ್ನುವವರು ಆ ಅಣಕವನ್ನೇ ನುಂಗಿದ್ದಾರೆ. ಕೊನೆಯಲ್ಲಿ ಮೊದಲ ಗಿಟಾರ್ ರಾಗ ಬರುವುದು ಕಣ್ಣು ಹೊಡೆಯುವುದಕ್ಕೆ, ಕಣ್ಣು ಒದ್ದೆ ಮಾಡುವುದಕ್ಕಲ್ಲ. ಒಂದು ಸಣ್ಣ ಸಂಗತಿ: ಎಲ್‌ಪಿ ಇದ್ದವರು ಅರ್ಧಕ್ಕೆ ಎದ್ದು ತಟ್ಟೆ ಮಗುಚಬೇಕಿತ್ತು. ತೊಂಬತ್ತು ನಿಮಿಷದ ಕ್ಯಾಸೆಟ್ಟಿಗೆ ರೆಕಾರ್ಡ್ ಮಾಡಿಸಿಕೊಂಡ ನಮಗೆ ಇಡೀ ಹಾಡು ಒಂದೇ ಬದಿಯಲ್ಲಿ ಹಿಡಿಸುತ್ತಿತ್ತು, ಒಂದು ನಿಮಿಷ ಮಿಕ್ಕುತ್ತಲೂ ಇತ್ತು. ಹಾಡನ್ನು ಕಟ್ಟಿದವರಿಗೇ ಸಿಗದ ಅಖಂಡ ರೂಪ ಬಡವರ ಟೇಪಿನಲ್ಲಿ ಸಿಕ್ಕಿತ್ತು.

ಟೇಪು ಕೊಟ್ಟದ್ದನ್ನು ಟೇಪೇ ಕಸಿಯಿತು. ಅರವತ್ತು ನಿಮಿಷದ ಕ್ಯಾಸೆಟ್ಟೊಂದರ ಒಂದು ಬದಿಗೆ ‘ಕ್ಲೋಸ್ ಟು ದಿ ಎಡ್ಜ್’ ಮತ್ತು ‘ಸ್ಟಾರ್‌ಲೆಸ್’ ಹಾಕಿಕೊಡಿ ಎಂದು ಚೀಟಿ ಬರೆದು ರೆಕಾರ್ಡಿಂಗ್ ಅಂಗಡಿಗೆ ಕೊಟ್ಟಿದ್ದೆ. ಹದಿನೆಂಟು ಮುಕ್ಕಾಲು, ಹನ್ನೆರಡೂ ಕಾಲು, ಕೂಡಿದರೆ ಮೂವತ್ತೊಂದು. ಅಂಗಡಿಯವನೂ ಕೂಡಿಸಿ ನೋಡಲಿಲ್ಲ, ದಿನವಿಡೀ ನಿಮಿಷ ಎಣಿಸುವ ನಾನೂ ನೋಡಲಿಲ್ಲ. ‘ಸ್ಟಾರ್‌ಲೆಸ್’ 1974ರ ‘ರೆಡ್’ ಆಲ್ಬಮ್ಮಿನ ಕೊನೆಯ ಹಾಡು. ಮೊದಲು ಮೆಲೊಟ್ರಾನಿನ ಮೇಲೆ ಗಿಟಾರಿನ ಒಂದು ದುಃಖದ ರಾಗ, ಜಾನ್ ವೆಟ್ಟನ್ ದನಿ. ಆಮೇಲೆ 13ರ ಎಣಿಕೆಯಲ್ಲಿ ಬಾಸ್ ಗಿರಗಿರ ಸುತ್ತುತ್ತಿದ್ದರೆ ರಾಬರ್ಟ್ ಫ್ರಿಪ್ ಒಂದೊಂದೇ ಸ್ವರವನ್ನು ನಿಮಿಷಗಟ್ಟಲೆ ಚುಚ್ಚುತ್ತ ಮೇಲೇರುತ್ತಾನೆ, ಬ್ರೂಫರ್ಡ್ ಸುತ್ತಲೂ ತಗಡು ಬಡಿಯುತ್ತಾನೆ. ಏರಿ, ಏರಿ, ಒಡೆದು, ಓಡತೊಡಗಿ, ನನ್ನ ಕ್ಯಾಸೆಟ್ಟಿನಲ್ಲಿ ಟಪ್ ಎಂದು ಗುಂಡಿ ಮೇಲೆ ಹಾರುತ್ತಿತ್ತು. ಹಾಡು ಇರುವುದೇ ಹಾಗೆ ಎಂದು ನಂಬಿದ್ದೆ. ಕ್ರಿಮ್ಸನ್ ಎಂದರೆ ಕರುಣೆಯಿಲ್ಲದ ತಂಡ, ಮೇಲೆ ಹತ್ತಿಸಿ ಏಣಿ ತೆಗೆಯುವವರು ಎಂದು ಹಾವನೂರು ವೃತ್ತದಲ್ಲಿ ಭಾಷಣವನ್ನೂ ಮಾಡಿದ್ದೆ.

ಏಳೆಂಟು ವರ್ಷದ ಮೇಲೆ ಕೆಂಗೇರಿಯ ಗೆಳೆಯನ ಮನೆಯಲ್ಲಿ ಸಿಡಿ ಹಾಕಿಕೊಂಡು ಕೂತಿದ್ದೆವು. ಗುಂಡಿ ಹಾರಬೇಕಾದ ಜಾಗ ಬಂತು, ದಾಟಿತು. ಆ ಮೊದಲ ರಾಗ, ಈಗ ಸ್ಯಾಕ್ಸೊಫೋನಿನಲ್ಲಿ, ಕೆಳಗೆ ಇಡೀ ತಂಡದ ಭಾರ ಹೊತ್ತುಕೊಂಡು ಬಂತು. ಗೆಳೆಯ ಅಡುಗೆಮನೆಯಿಂದ ಕಾಫಿ ತಂದು ಕೊಟ್ಟಾಗ ಹಾಡು ಮುಗಿದಿತ್ತು. ಯಾಕೋ ಏನಾಯಿತೋ ಎಂದ. ಈ ಭಾಗ ನನ್ನ ಹತ್ತಿರ ಇರಲಿಲ್ಲ ಕಣೋ ಎಂದೆ. ಇನ್ನೊಂದು ಸಲ ಹಾಕಲೇನೋ ಎಂದು ರಿಮೋಟ್ ಎತ್ತಿಕೊಂಡ. ಬೇಡ ಎಂದೆ.