ಹುಕ್‌ಗೆ ಬಾವುಟ ಇಲ್ಲ

ಪ್ರಶಸ್ತಿ ಪಟ್ಟಿ ಬಂದ ಮಾರನೇ ದಿನ ಊಟದ ಟೇಬಲ್ಲಿನಲ್ಲಿ ಜಗಳ ಆಗೋದು ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದೆ. 2018ರಲ್ಲಿ ಪ್ರಾಜೆಕ್ಟ್ ಮೇಲೆ ಡಬ್ಲಿನ್‌ನಲ್ಲಿದ್ದಾಗ ಆ ಭ್ರಮೆ ಹೋಯ್ತು. ನಮ್ಮ ಟೀಮಿನಲ್ಲಿ ಲಿಮರಿಕ್ ಕಡೆಯವನೊಬ್ಬ ಇದ್ದ. ಮಾತು ಬಹಳ ಕಮ್ಮಿ. ಸರ್ವರ್ ಬಿದ್ದರೂ ದನಿ ಏರಿಸದ ಆಸಾಮಿ. ಅವತ್ತು ಮಾತ್ರ ಸ್ಯಾಂಡ್‌ವಿಚ್ ಪಕ್ಕಕ್ಕಿಟ್ಟು ಅರ್ಧ ಗಂಟೆ ಕೂಗಾಡಿದ. ವಿಷಯ ಇಷ್ಟೇ: ಆ ವರ್ಷದ ಹರ್ಲಿಂಗ್ ಆಲ್‌ಸ್ಟಾರ್ ತಂಡದಲ್ಲಿ ಲಿಮರಿಕ್‌ನ ಆರು ಜನ ಇದ್ದರು, ಆದರೆ ಗೋಲ್‌ಕೀಪರ್ ನಿಕ್ಕಿ ಕ್ವೇಡ್ ಇರಲಿಲ್ಲ.

"ಆರು ಜನ ಇದ್ದಾರಲ್ಲ ಮಾರಾಯ, ಇನ್ನೇನು ಬೇಕು?" ಅಂದೆ.

"ಆ ಒಬ್ಬ ಇಲ್ಲದಿದ್ರೆ ಈ ಆರು ಜನಾನೂ ಇರ್ತಿರಲಿಲ್ಲ" ಅಂದ.

ಹರ್ಲಿಂಗ್ ನೋಡದವರಿಗೆ ಎರಡು ಮಾತು. ಐರ್ಲೆಂಡಿನ ತೀರಾ ಹಳೆಯ ಆಟ. ಒಂದು ತಂಡಕ್ಕೆ 15 ಜನ. ಕೈಯಲ್ಲಿ ಬೂದಿಮರ ಅಲ್ಲ, 'ಆಶ್' ಅನ್ನೋ ಮರದ ಅಗಲ ತುದಿಯ ಕೋಲು, ಹೆಸರು ಹರ್ಲಿ. ಚೆಂಡಿಗೆ ಸ್ಲಿಟರ್ ಅಂತಾರೆ. ಹಾಕಿಯ ಹಾಗೆ ನೆಲದ ಮೇಲೂ ಹೊಡೀಬಹುದು, ಚಿನ್ನಿದಾಂಡಿನ ಹಾಗೆ ಗಾಳಿಯಲ್ಲೂ ಬಾರಿಸಬಹುದು. ಬಲೆಯೊಳಗೆ ಹೋದರೆ ಗೋಲ್, ಮೂರು ಪಾಯಿಂಟಿಗೆ ಸಮ. ಅಂಪೈರ್ ಹಸಿರು ಬಾವುಟ ಎತ್ತುತ್ತಾನೆ. ಅಡ್ಡಪಟ್ಟಿಯ ಮೇಲಿಂದ ಹೋದರೆ ಒಂದು ಪಾಯಿಂಟ್, ಬಿಳಿ ಬಾವುಟ. ಇವರಲ್ಲಿ ಯಾರಿಗೂ ಸಂಬಳ ಇಲ್ಲ. ಇವತ್ತು 80 ಸಾವಿರ ಜನರ ಮುಂದೆ ಆಡಿದವನು ನಾಳೆ ಶಾಲೆಯಲ್ಲಿ ಪಾಠ ಮಾಡ್ತಿರ್ತಾನೆ. ದುಡ್ಡಿಲ್ಲದ ಕಡೆ ಗೌರವಕ್ಕೆ ಎಷ್ಟು ಬೆಲೆ ಇರುತ್ತೆ ಯೋಚಿಸಿ. ಅದಕ್ಕೇ ಸೀಸನ್ ಕೊನೆಯ ಪ್ರಶಸ್ತಿ ಅಲ್ಲಿ ಬರೀ ಫೋಟೋ ಕಾರ್ಯಕ್ರಮ ಅಲ್ಲ.

ಈಗ ಜಗಳದ ಮೂಲಕ್ಕೆ ಬರೋಣ. 2018ರ ಜುಲೈ 29, ಕ್ರೋಕ್ ಪಾರ್ಕ್, ಲಿಮರಿಕ್ ಮತ್ತು ಕಾರ್ಕ್ ನಡುವಿನ ಸೆಮಿಫೈನಲ್. ನನ್ನನ್ನೂ ಕರ್ಕೊಂಡು ಹೋಗಿದ್ದ. ನಿಗದಿತ ಸಮಯ ಮುಗಿಯುವ ಹೊತ್ತಿಗೆ ಕಾರ್ಕ್‌ನ ಶೇಮಸ್ ಹಾರ್ನಡಿ ಗೋಲಿನ ಮುಂದೆ ಚೆಂಡು ಹಿಡಿದು ನುಗ್ಗಿದ. ಹೊಡೀಬೇಕು, ಅಷ್ಟೇ ಬಾಕಿ. ಆ ಗಳಿಗೆಯಲ್ಲಿ ಕ್ವೇಡ್ ಹರ್ಲಿ ಚಾಚಿ ಚೆಂಡನ್ನೇ ತಳ್ಳಿಬಿಟ್ಟ. ಹೆಚ್ಚುವರಿ ಸಮಯದಲ್ಲಿ ಲಿಮರಿಕ್ ಗೆದ್ದಿತು. ಆಮೇಲೆ ಫೈನಲ್‌ನಲ್ಲಿ ಗಾಲ್ವೇ ವಿರುದ್ಧ ಒಂದೇ ಒಂದು ಪಾಯಿಂಟಿನಿಂದ ಗೆದ್ದು, 1973ರ ನಂತರ ಮೊದಲ ಸಲ ಆಲ್ ಐರ್ಲೆಂಡ್ ಕಪ್ ಎತ್ತಿತು.

ನಿಜ ಹೇಳ್ಬೇಕಂದ್ರೆ ನಾನು ಅಲ್ಲೇ ಕೂತಿದ್ದರೂ ಅದನ್ನು ನೋಡಲಿಲ್ಲ. ನನಗೆ ಗೊತ್ತಾಗಿದ್ದು ಗೋಲ್ ಆಗಲಿಲ್ಲ ಅನ್ನೋದಷ್ಟೇ. ಯಾರೂ ಬಾವುಟ ಎತ್ತಲಿಲ್ಲ, ಬೋರ್ಡಿನ ಮೇಲೆ ಅಂಕಿ ಬದಲಾಗಲಿಲ್ಲ. ಪಕ್ಕದಲ್ಲಿದ್ದ ಅವನು ಮಾತ್ರ ತಲೆ ಮೇಲೆ ಕೈ ಹೊತ್ತು ಕೂತಿದ್ದ.

ಆ ವರ್ಷ ಕೀಪರ್ ಸ್ಥಾನ ಸಿಕ್ಕಿದ್ದು ಕಿಲ್ಕೆನಿಯ ಓಯಿನ್ ಮರ್ಫಿಗೆ. ಅವನೇನು ಸಾಮಾನ್ಯ ಕೀಪರ್ ಅಲ್ಲ, ಆ ಆಯ್ಕೆಯನ್ನು ತಪ್ಪು ಅನ್ನೋಕೆ ನಾನು ತಯಾರಿಲ್ಲ. ನನ್ನ ತಕರಾರು ಆಲ್‌ಸ್ಟಾರ್ ತಂಡದ ಮೇಲೂ ಅಲ್ಲ. 1971ರಿಂದ ನಡೆದು ಬಂದ ಆ ಪದ್ಧತಿಯಲ್ಲಿ ಪತ್ರಕರ್ತರ ಸಮಿತಿ ಸ್ಥಾನಕ್ಕೊಬ್ಬರಂತೆ 15 ಜನರನ್ನು ಆರಿಸುತ್ತೆ. ಹಾಗಾಗಿ ಕೀಪರ್‌ಗೆ ಒಂದು, ಡಿಫೆಂಡರ್‌ಗಳಿಗೆ ಆರು ಜಾಗ ಖಾಯಂ. ತಕರಾರು ಇರೋದು ಅದರ ಮೇಲಿನ ಮೆಟ್ಟಿಲಿನ ಬಗ್ಗೆ: 'ವರ್ಷದ ಹರ್ಲರ್'. ಅಲ್ಲಿ ಸ್ಥಾನದ ಹಂಗಿಲ್ಲ, ಇಡೀ ದೇಶಕ್ಕೆ ಒಬ್ಬನೇ. ಮೂವರ ಕಿರುಪಟ್ಟಿ ಬರುತ್ತೆ, ಕೌಂಟಿ ಆಟಗಾರರೇ ವೋಟು ಹಾಕ್ತಾರೆ.

ಆ ಪಟ್ಟಿಯನ್ನು ಒಂದು ರಾತ್ರಿ ಕೂತು ಸ್ಪ್ರೆಡ್‌ಶೀಟಿಗೆ ಹಾಕಿದೆ. (ನಮ್ಮ ಜಾತಿಯವರಿಗೆ ಇನ್ನೇನು ಗೊತ್ತು?) 2010ರಿಂದ 2024ರವರೆಗೆ 15 ವರ್ಷ. ಕೀಪರ್‌ಗಳು: ಸೊನ್ನೆ. ಡಿಫೆಂಡರ್‌ಗಳು: ಒಬ್ಬನೇ, 2022ರಲ್ಲಿ ಲಿಮರಿಕ್‌ನ ಡಿಯರ್ಮಿಡ್ ಬರ್ನ್ಸ್. ಆ ಬರ್ನ್ಸ್ ಕೂಡ ಹೆಸರಾಗಿದ್ದು ಯಾಕೆ? ತನ್ನ ಅರ್ಧದಿಂದಲೇ ಫ್ರೀ ಹೊಡೆದು ಪಾಯಿಂಟ್ ತರುವ ಅವನ ದೂರದ ಹೊಡೆತಕ್ಕೆ. ಅಂದ್ರೆ ಗೆದ್ದ ಒಬ್ಬ ಡಿಫೆಂಡರ್ ಕೂಡ ಬಾವುಟ ಎತ್ತಿಸುವವನೇ!

ಮೊದಲು ಹೀಗಿರಲಿಲ್ಲ. 1995ರಲ್ಲಿ ಕ್ಲೇರ್‌ನ ಫುಲ್‌ಬ್ಯಾಕ್ ಬ್ರಯನ್ ಲೋಹನ್, 1999ರಲ್ಲಿ ಕಾರ್ಕ್‌ನ ಬ್ರಯನ್ ಕಾರ್ಕರನ್, 2003ರಲ್ಲಿ ಕಿಲ್ಕೆನಿಯ ಜೆಜೆ ಡಿಲೇನಿ, 2004ರಲ್ಲಿ ಫಿಜಿಯಲ್ಲಿ ಹುಟ್ಟಿ ಕಾರ್ಕ್‌ಗೆ ಆಡಿದ ಶಾನ್ ಓಗ್ ಓ ಹಾಲ್ಪಿನ್, 2009ರಲ್ಲಿ ಕಿಲ್ಕೆನಿಯ ಟಾಮಿ ವಾಲ್ಷ್. 15 ವರ್ಷದಲ್ಲಿ ಕಮ್ಮಿ ಅಂದ್ರೂ ಐದು ಡಿಫೆಂಡರ್‌ಗಳು. ಆಮೇಲೆ 15 ವರ್ಷದಲ್ಲಿ ಒಬ್ಬ. ಡಿಫೆಂಡರ್‌ಗಳು ಕೆಟ್ಟು ಹೋದ್ರಾ?

ನನಗನ್ನಿಸೋದು, ಬದಲಾಗಿದ್ದು ಬೋರ್ಡು. 1999ರ ಫೈನಲ್‌ನಲ್ಲಿ ಕಾರ್ಕ್ ಗೆದ್ದಿದ್ದು 13–12ರಿಂದ, ಎರಡೂ ಕಡೆ ಒಂದು ಗೋಲೂ ಇಲ್ಲ. ಅಂಥ ಪಂದ್ಯದಲ್ಲಿ ತಡೆಯುವವನು ಕಣ್ಣಿಗೆ ಬಿದ್ದೇ ಬೀಳ್ತಾನೆ. 2024ರ ಫೈನಲ್‌ನಲ್ಲಿ ಕ್ಲೇರ್ 3-29, ಕಾರ್ಕ್ 1-34. ಪಾಯಿಂಟಿಗೆ ಇಳಿಸಿದರೆ 38–37. ಹೆಚ್ಚುವರಿ ಸಮಯ ಇತ್ತು, ಒಪ್ಪಿದೆ, ಆದರೂ ಅಂತರ ನೋಡಿ. ಇಷ್ಟು ಬಾವುಟ ಏಳುವ ಪಂದ್ಯದಲ್ಲಿ ಏಳದೇ ಹೋದ ಬಾವುಟದ ಲೆಕ್ಕ ಇಡೋರು ಯಾರು? ಆದರೆ ಗೆದ್ದಿದ್ದು ಒಂದೇ ಪಾಯಿಂಟಿನಿಂದ ಅನ್ನೋದು ಎರಡೂ ಫೈನಲ್‌ಗಳಲ್ಲಿ ಒಂದೇ. ತಡೆದ ಒಂದು ಹೊಡೆತದ ಬೆಲೆ ಆಗ ಎಷ್ಟಿತ್ತೋ ಈಗಲೂ ಅಷ್ಟೇ ಇದೆ.

ಒಂದು ಉದಾಹರಣೆ ಸಾಕು. 2014ರ ಫೈನಲ್ ಸಮವಾಗಿ, ಮತ್ತೆ ಆಡಿದ ಪಂದ್ಯ. ಟಿಪ್ಪರೆರಿಯ ಶೇಮಸ್ ಕ್ಯಾಲನನ್ ಗೋಲಿನತ್ತ ಒಬ್ಬನೇ ನುಗ್ಗಿ ಹರ್ಲಿ ಬೀಸಿದ. ಹಿಂದಿನಿಂದ ಓಡಿ ಬಂದ ಜೆಜೆ ಡಿಲೇನಿ ತನ್ನ ಹರ್ಲಿ ಚಾಚಿ ಆ ಬೀಸನ್ನೇ ಕಟ್ಟಿಹಾಕಿದ. ಇದಕ್ಕೆ ಹುಕ್ ಅಂತಾರೆ. ಕಿಲ್ಕೆನಿ ಗೆದ್ದಿದ್ದು ಮೂರು ಪಾಯಿಂಟಿನಿಂದ, ಅಂದ್ರೆ ಸರಿಯಾಗಿ ಒಂದು ಗೋಲಿನಷ್ಟು. ಆ ವರ್ಷದ ಹರ್ಲರ್ ಕಿಲ್ಕೆನಿಯವನೇ ಆದ ರಿಚಿ ಹೋಗನ್. ಅದ್ಭುತ ಆಟಗಾರ, ವರ್ಷ ಪೂರ್ತಿ ಚೆನ್ನಾಗಿ ಆಡಿದ್ದ, ತಗೊಂಡಿದ್ದು ತಪ್ಪಲ್ಲ. ಆದರೆ ಅಲ್ಲಿಯ ಜನ ಆ ಫೈನಲ್ ನೆನೆದಾಗ ಮೊದಲು ಹೇಳೋದು ಆ ಹುಕ್. ನೆನಪಿಗೂ ಪ್ರಶಸ್ತಿಗೂ ಇಷ್ಟು ದೂರ ಇದ್ದರೆ ಎರಡರಲ್ಲಿ ಒಂದು ತಪ್ಪು ಅಳೀತಿದೆ.

ಇನ್ನೊಂದು ಕಾಲಂ ಕೂಡ ನನ್ನ ನಿದ್ದೆ ಕೆಡಿಸಿತು. ಅದೇ 15 ವರ್ಷದಲ್ಲಿ 14 ಸಲ ವರ್ಷದ ಹರ್ಲರ್ ಆಗಿದ್ದು ಕಪ್ ಗೆದ್ದ ತಂಡದವನೇ. ಒಂದೇ ಅಪವಾದ 2016, ವಾಟರ್‌ಫರ್ಡ್‌ನ ಆಸ್ಟಿನ್ ಗ್ಲೀಸನ್. ಗೆದ್ದವರು ದೊಡ್ಡ ಪಂದ್ಯಗಳನ್ನು ಆಡಿರ್ತಾರೆ, ಜಾಸ್ತಿ ಜನ ನೋಡಿರ್ತಾರೆ, ಸರಿ. ಆದರೆ ಇದು ವೈಯಕ್ತಿಕ ಪ್ರಶಸ್ತಿ ಅಲ್ವಾ? ಕಾರ್ಕ್‌ನ ಪ್ಯಾಟ್ರಿಕ್ ಹೊರ್ಗನ್ ವರ್ಷಗಟ್ಟಲೆ ಪಾಯಿಂಟ್ ಪೇರಿಸಿದ. ಕಪ್ಪು ಸಿಗಲಿಲ್ಲ, ಈ ಪ್ರಶಸ್ತಿಯೂ ಸಿಗಲಿಲ್ಲ. ಕಪ್ ಗೆದ್ದವರಿಗೆ ಆಗಲೇ ಕಪ್ ಇದೆ. ಅದನ್ನೇ ಇನ್ನೊಂದು ಸಲ ಕೊಟ್ಟ ಹಾಗಾಯ್ತು ಇದು.

ನನ್ನ ವಾದಕ್ಕೆ ವಿರುದ್ಧವಾದ ಸಾಕ್ಷಿಯೂ ಇದೆ, ಮುಚ್ಚಿಡಬಾರದು. 2024ರಲ್ಲಿ ಗೆದ್ದವನು ಕ್ಲೇರ್‌ನ ಶೇನ್ ಓಡಾನಲ್. ಮೈಕ್ರೋಬಯಾಲಜಿಯಲ್ಲಿ ಪಿಎಚ್‌ಡಿ ಮಾಡಿದವನು. 2013ರ ಮರುಪಂದ್ಯದ ಫೈನಲ್‌ನಲ್ಲಿ, 19ನೇ ವಯಸ್ಸಿಗೆ, ಮೂರು ಗೋಲ್ ಮೂರು ಪಾಯಿಂಟ್ ಹೊಡೆದಿದ್ದ. ಆ ವರ್ಷ ಈ ಪ್ರಶಸ್ತಿ ಅವನಿಗಲ್ಲ, ಅವನದೇ ತಂಡದ ಟೋನಿ ಕೆಲ್ಲಿಗೆ ಹೋಯ್ತು. ಹನ್ನೊಂದು ವರ್ಷದ ಮೇಲೆ ಅವನಿಗೆ ಸಿಕ್ಕಿದಾಗ ಅವನು ತಂಡದ ಟಾಪ್ ಸ್ಕೋರರ್ ಆಗಿರಲಿಲ್ಲ. ಚೆಂಡು ಗೆದ್ದು ಕೊಡೋದು, ಎರಡು ಮೂರು ಡಿಫೆಂಡರ್‌ಗಳನ್ನು ತನ್ನತ್ತ ಎಳೆದು ಬೇರೆಯವರಿಗೆ ಜಾಗ ಮಾಡೋದು, ಇದು ಅವನ ಕೆಲಸ. ಆಟಗಾರರು ಅದನ್ನು ನೋಡಿದರು, ವೋಟು ಹಾಕಿದರು. ಅಂದ್ರೆ ಕಣ್ಣಿಲ್ಲ ಅಂತಲ್ಲ. ಆದರೂ ಅವನು ಫಾರ್ವರ್ಡ್. ಕಣ್ಣು ಅಲ್ಲಿವರೆಗೆ ಬಂದಿದೆ, ಗೋಲಿನ ಬಾಯಿವರೆಗೆ ಇನ್ನೂ ಹೋಗಿಲ್ಲ.

ಹಾಗಾದ್ರೆ ಏನು ಮಾಡ್ಬೇಕು? ಡಿಫೆಂಡರ್‌ಗೆ ಮೀಸಲಾತಿ ಕೊಡಿ ಅಂತ ನಾನು ಹೇಳಲ್ಲ. ವೋಟು ಹಾಕುವ ಆಟಗಾರನಿಗೆ ಮೂರು ಹೆಸರು ಕೊಟ್ಟು ಒಂದು ಆರಿಸು ಅನ್ನೋ ಬದಲು ಒಂದು ಪ್ರಶ್ನೆ ಕೇಳಿ: "ಈ ವರ್ಷ ಯಾರ ಎದುರು ಆಡೋದು ನಿನಗೆ ಬೇಡವೇ ಬೇಡ ಅನ್ನಿಸಿತು?" ಫಾರ್ವರ್ಡ್‌ಗಳು ಡಿಫೆಂಡರ್ ಹೆಸರು ಹೇಳ್ತಾರೆ, ಡಿಫೆಂಡರ್‌ಗಳು ಫಾರ್ವರ್ಡ್ ಹೆಸರು. ಕಿರುಪಟ್ಟಿ ಅದರಿಂದ ಮೂಡಲಿ. ಟಿವಿ ಹೈಲೈಟ್ಸ್‌ನಲ್ಲಿ ಬರದ ಮಾಹಿತಿ ಈ ಜನರ ಮೈಮೇಲಿನ ಬಾಸುಂಡೆಗಳಲ್ಲಿದೆ.

ಇಷ್ಟೆಲ್ಲ ದೂರದ ಆಟದ ಬಗ್ಗೆ ನಿನಗ್ಯಾಕಪ್ಪ ಅಂತ ಕೇಳಬಹುದು. ನಮ್ಮೂರ ಕೆರೆಗೆ ಒಬ್ಬ ನೀರಗಂಟಿ ಇದ್ದ. ಮಳೆಗಾಲದ ರಾತ್ರಿ ಕಂಬಳಿ ಹೊದ್ದು ಏರಿ ಮೇಲೆ ಓಡಾಡಿ, ತೂಬು ನೋಡ್ಕೊಂಡು ಬರೋನು. ನಾನು ಕಂಡ ಹಾಗೆ ಏರಿ ಒಂದು ಸಲವೂ ಒಡೆಯಲಿಲ್ಲ. ಊರಹಬ್ಬದಲ್ಲಿ ಶಾಲು ಸಿಗ್ತಿದ್ದಿದ್ದು ದೇವಸ್ಥಾನಕ್ಕೆ ಕಮಾನು ಕಟ್ಟಿಸಿದವರಿಗೆ. ಇದು ಅನ್ಯಾಯ ಅಂತ ಸಣ್ಣವನಿದ್ದಾಗಲೇ ನನಗೆ ಗೊತ್ತಿತ್ತು.

ಗೊತ್ತಿದ್ದೂ ಏನು ಮಾಡಿದೆ ಕೇಳಿ. ಬೆಂಗಳೂರಿಗೆ ವಾಪಸ್ ಬಂದು ಟೀಮ್ ಲೀಡ್ ಆದ ಮೊದಲ ವರ್ಷ, ಅಪ್ರೈಸಲ್ ಶೀಟು ನನ್ನ ಕೈಗೆ ಬಂತು. ಹೊಸ ಫೀಚರ್ ಮೂರು ಬಿಡುಗಡೆ ಮಾಡಿದವನಿಗೆ ಮೇಲಿನ ರೇಟಿಂಗ್ ಕೊಟ್ಟೆ. ಡೇಟಾಬೇಸ್, ಅಲರ್ಟ್, ಬ್ಯಾಕಪ್ ಅಂತ ವರ್ಷ ಪೂರ್ತಿ ಕೂತಿದ್ದ ಹುಡುಗನಿಗೆ 'ನಿರೀಕ್ಷೆಯಷ್ಟು' ಅಂತ ಹಾಕಿದೆ. ಅವನ ಹೆಸರಿನ ಮುಂದೆ ಬರೆಯೋಕೆ ಏನೂ ಸಿಗಲಿಲ್ಲ, ನಿಜವಾಗಿ. ಅವನು ಜಗಳ ಆಡಲಿಲ್ಲ. "ಈ ವರ್ಷ ಮಧ್ಯರಾತ್ರಿ ನಿಮಗೆ ಎಷ್ಟು ಸಲ ಫೋನ್ ಬಂತು ಸರ್?" ಅಂತ ಕೇಳಿದ. ಒಂದು ಸಲವೂ ಬಂದಿರಲಿಲ್ಲ. ಮೂರು ತಿಂಗಳಿಗೆ ಪೇಪರ್ ಹಾಕಿ ಹೋದ. ಆಮೇಲೆ ಫೋನ್ ಬರೋಕೆ ಶುರುವಾಯ್ತು.

ಈಗ ಶೀಟು ತುಂಬುವ ಮೊದಲು ಟೀಮಿನವರಿಗೆಲ್ಲ ಒಂದು ಪ್ರಶ್ನೆ ಕಳಿಸ್ತೀನಿ: "ಯಾರು ಒಂದು ವಾರ ರಜೆ ಹಾಕಿದ್ರೆ ನಿಮಗೆ ಭಯ ಆಗುತ್ತೆ?" ಬರುವ ಹೆಸರುಗಳು ನನ್ನ ಪಟ್ಟಿಯ ಜೊತೆ ಇವತ್ತಿಗೂ ಪೂರ್ತಿ ಹೊಂದಲ್ಲ. ಹೊಂದದ ಕಡೆ ನಾನು ನನ್ನ ಪಟ್ಟಿ ತಿದ್ದುತ್ತೀನಿ.

ಕ್ವೇಡ್‌ಗೆ 2020ರಲ್ಲಿ ಆಲ್‌ಸ್ಟಾರ್ ಸಿಕ್ಕಿತು. ಲಿಮರಿಕ್ ಗೆಳೆಯನಿಗೆ ಮೆಸೇಜ್ ಮಾಡಿದೆ, "ಈಗ ಸಮಾಧಾನ ಆಯ್ತಾ?" ಅಂತ. ಉತ್ತರ ಬಂತು: "ಎರಡು ವರ್ಷ ತಡ."